ಸುಣ್ಣದ ಗೆರೆ ಎಳೆದವರು

ಓದುಗರ ಪತ್ರದ ಸಾರ: ರೋಣ ತಾಲ್ಲೂಕಿನಲ್ಲಿ ಓದಿ ಬೆಳೆದು ಈಗ ಹುಬ್ಬಳ್ಳಿಯಲ್ಲಿ ನೆಲೆಸಿರುವ ನಿವೃತ್ತ ಶಿಕ್ಷಕರೊಬ್ಬರು, ಎಪ್ಪತ್ತರ ದಶಕದ ತಮ್ಮ ಶಾಲೆಯ ಕ್ರೀಡಾಕೂಟಗಳನ್ನು ನೆನೆದು ಬರೆದಿದ್ದಾರೆ. ಗೋಣಿಚೀಲದ ಓಟದಲ್ಲಿ ಗೆದ್ದ ಸ್ಟೀಲ್ ಲೋಟದಲ್ಲಿ ಅವರು ಇಂದಿಗೂ ನೀರು ಕುಡಿಯುತ್ತಾರಂತೆ. ಈಚೆಗೆ ಮೊಮ್ಮಗನ ಶಾಲೆಯ ಕ್ರೀಡಾ ದಿನಕ್ಕೆ ಹೋದರೆ ಅದು ಬಾಡಿಗೆಯ ಕಲ್ಯಾಣ ಮಂಟಪದಲ್ಲಿ ನಡೆಯಿತು. ಧ್ವನಿವರ್ಧಕದ ಹಾಡಿಗೆ ಮಕ್ಕಳು ಕೈಕಾಲು ಆಡಿಸಿದರು, ಎಲ್ಲರಿಗೂ ಪದಕ ಕೊಟ್ಟು ಕಳಿಸಿದರು. “ಇಂದಿನ ಮಕ್ಕಳಿಗೆ ಓಡುವ ಆಸೆಯೇ ಇಲ್ಲ, ಮೊಬೈಲ್ ಅವರ ಕಾಲು ಕಟ್ಟಿಹಾಕಿದೆ. ಆ ಕಾಲ ಮತ್ತೆ ಬರುವುದೇ?” ಎಂದು ಅವರು ಕೇಳಿದ್ದಾರೆ.

ಸಂಪಾದಕರ ಉತ್ತರ:

ಮಾನ್ಯರೇ,

ನಿಮ್ಮ ಪತ್ರವನ್ನು ಕಚೇರಿಯಲ್ಲಿ ಕೈಯಿಂದ ಕೈಗೆ ದಾಟಿಸಿ ಎಲ್ಲರೂ ಓದಿದೆವು. ಲೋಟದ ಕಂಠದ ಕೆಳಗೆ ಚುಕ್ಕೆ ಚುಕ್ಕೆಯಾಗಿ ಕೊರೆದ ನಿಮ್ಮ ಹೆಸರು, ಪಕ್ಕದಲ್ಲಿ ‘ದ್ವಿತೀಯ’ ಎಂಬ ಅಕ್ಷರ, ಅದು ಸವೆದು ಈಗ ಬೆರಳಿಗೆ ಮಾತ್ರ ತಿಳಿಯುತ್ತದೆ ಎಂಬ ಮಾತು ಓದಿದಾಗ ನಮ್ಮಲ್ಲಿ ವಯಸ್ಸಾದವರೆಲ್ಲ ತಮ್ಮ ಅಡುಗೆಮನೆಯ ಒಂದೊಂದು ತಟ್ಟೆಯನ್ನೋ ಡಬ್ಬಿಯನ್ನೋ ನೆನಪಿಸಿಕೊಂಡರು. ನಿಮ್ಮ ಸಂತೋಷದಲ್ಲಿ ನಾನು ಪೂರ್ತಿ ಪಾಲುದಾರ. ಆದರೆ ಪತ್ರದ ಕೊನೆಗೆ ಮಕ್ಕಳ ಮೇಲೆ ನೀವು ಹೊರಿಸಿದ ಆಪಾದನೆಯನ್ನು ಒಪ್ಪಲಾರೆ. ಒಪ್ಪದಿರಲು ಕಾರಣವೂ ನಿಮ್ಮ ಪತ್ರದಲ್ಲಿಯೇ ಇದೆ. ಅದನ್ನು ಹೇಳುವ ಮೊದಲು ನಿಮ್ಮ ಜೊತೆ ಆ ಬಯಲಿಗೆ ಒಮ್ಮೆ ಹೋಗಿ ಬರುತ್ತೇನೆ.

ನಮ್ಮ ಕಡೆಯ ಶಾಲೆಗಳಲ್ಲಿ ಆಟಕ್ಕೂ ಒಂದು ಹಂಗಾಮು ಇತ್ತು. ದೀಪಾವಳಿ ರಜೆ ಮುಗಿದ ಮೇಲೆ ಶುರು. ಜೋಳದ ಸುಗ್ಗಿ ಬಂದು ಮಕ್ಕಳು ಹೊಲದ ದಾರಿ ಹಿಡಿಯುವುದರೊಳಗೆ ಮುಗಿಯಬೇಕು. ಇದನ್ನು ತೀರ್ಮಾನಿಸುತ್ತಿದ್ದುದು ನೆಲ. ರೋಣ, ನರಗುಂದ, ನವಲಗುಂದದ ಎರೆಮಣ್ಣು ಹಸಿಯಿದ್ದಾಗ ಅಂಗಾಲಿಗೆ ಪದರ ಪದರವಾಗಿ ಮೆತ್ತಿಕೊಂಡು ಹೆಜ್ಜೆ ಎತ್ತಲು ಬಿಡುವುದಿಲ್ಲ. ಒಣಗಿದರೆ ಬೆರಳು ಇಳಿಯುವಷ್ಟು ಬಿರಿಯುತ್ತದೆ. ಆ ಬಿರುಕುಗಳಿಗೆ ಹಳ್ಳದ ಮರಳು, ಮಸಾರಿ ಮಣ್ಣು ತುಂಬಿ, ನೀರು ಹೊಡೆದು, ತುಳಿದು ಗಟ್ಟಿ ಮಾಡಿದರೆ ಮಾತ್ರ ಓಡುವ ನೆಲವಾಗುತ್ತಿತ್ತು. ಧಾರವಾಡದಿಂದ ಪಶ್ಚಿಮಕ್ಕೆ, ಹಾನಗಲ್ಲಿನ ಕಡೆಗೆ ಕೆಂಪು ನೆಲ. ಅಲ್ಲಿಯವರಿಗೆ ಮಳೆ ನಿಂತ ಮರುದಿನವೇ ಆಟ. ಬಿದ್ದರೆ ಮಾತ್ರ ಮೊಣಕಾಲಿನ ಚರ್ಮದ ಆಸೆ ಬಿಡಬೇಕು. ನೀವು ಬರೆದಿರುವ ಹಾಗೆ ಒಂದು ವಾರ ಕೊನೆಯ ಎರಡು ಪಿರಿಯಡ್ ಪಾಠವಿಲ್ಲದೆ ಇಡೀ ಶಾಲೆ ಬುಟ್ಟಿ, ಸಲಿಕೆ ಹಿಡಿದು ಬಯಲಿಗೆ ಇಳಿಯುತ್ತಿತ್ತು. ಓಟದಲ್ಲಿ ಗೆಲ್ಲುವ ಭರವಸೆ ಇಲ್ಲದ ಹುಡುಗನಿಗೂ ಆ ನೆಲದಲ್ಲಿ ತನ್ನ ಬುಟ್ಟಿಯ ಮಣ್ಣು ಇದೆ ಎಂಬುದು ಗೊತ್ತಿರುತ್ತಿತ್ತು.

ಟ್ರ್ಯಾಕ್ ಹಾಕುವುದನ್ನು ನೀವು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ನಾನು ಅಲ್ಲಿ ನಿಲ್ಲಬೇಕು, ಏಕೆಂದರೆ ಗದಗಿನಲ್ಲಿ ಹೈಸ್ಕೂಲು ಓದುವಾಗ ಡ್ರಿಲ್ ಮಾಸ್ತರರ ಟೇಪು ಹಿಡಿಯುವ ಹುಡುಗರಲ್ಲಿ ನಾನೂ ಒಬ್ಬ. ಬಯಲಿನ ಎರಡು ಕಡೆ ಕಬ್ಬಿಣದ ಗೂಟ. ಗೂಟಕ್ಕೆ ಹುರಿಯ ಕುಣಿಕೆ, ಹುರಿಯ ಇನ್ನೊಂದು ತುದಿಗೆ ದಪ್ಪ ಮೊಳೆ. ಹುರಿ ಎಲ್ಲಿಯೂ ಸಡಿಲಾಗದಂತೆ ಬಿಗಿಹಿಡಿದು, ಹಿಮ್ಮುಖವಾಗಿ ಹೆಜ್ಜೆ ಇಡುತ್ತ ಮಾಸ್ತರರು ನೆಲದ ಮೇಲೆ ಅರ್ಧವೃತ್ತ ಗೀರುತ್ತಿದ್ದರು. ಅವರ ಹಿಂದೆಯೇ ಒಬ್ಬ ಹುಡುಗ, ತಳಕ್ಕೆ ತೂತು ಹೊಡೆದ ಡಾಲ್ಡಾ ಡಬ್ಬಿಯಿಂದ ಆ ಗೀರಿನ ಮೇಲೆ ಸುಣ್ಣದ ಪುಡಿ ಉದುರಿಸುತ್ತ ಬರಬೇಕು. ಡಬ್ಬಿಯನ್ನು ತಟ್ಟುವ ಕೈ ಒಂದೇ ಲಯದಲ್ಲಿ ಇರಬೇಕು, ಇಲ್ಲದಿದ್ದರೆ ಗೆರೆ ಒಂದು ಕಡೆ ದಪ್ಪ, ಒಂದು ಕಡೆ ತೆಳು. ಗದಗಿನ ಗಾಳಿ ನಿಮಗೆ ಗೊತ್ತಲ್ಲ. ಸಂಜೆಯ ಹೊತ್ತಿಗೆ ನಾವೆಲ್ಲ ಹಿಟ್ಟಿನ ಗಿರಣಿಯಿಂದ ಎದ್ದು ಬಂದವರಂತೆ ಕಾಣುತ್ತಿದ್ದೆವು.

400 ಮೀಟರಿನ ಟ್ರ್ಯಾಕಿಗೆ ಆ ಬಯಲು ಸಾಲುತ್ತಿರಲಿಲ್ಲ, 200 ಮೀಟರಿನದು ಹಾಕುತ್ತಿದ್ದರು. ಒಂದು ಪೂರ್ಣ ಸುತ್ತಿನ ಓಟದಲ್ಲಿ ಎಲ್ಲರನ್ನೂ ಒಂದೇ ಗೆರೆಯ ಮೇಲೆ ನಿಲ್ಲಿಸಿದರೆ ಹೊರಗಿನ ಸಾಲಿನವನು ಹೆಚ್ಚು ದೂರ ಓಡಬೇಕಾಗುತ್ತದೆ, ಅನ್ಯಾಯವಾಗುತ್ತದೆ. ಆದ್ದರಿಂದ ಅವನನ್ನು ಮುಂದೆ ನಿಲ್ಲಿಸಬೇಕು. ಎಷ್ಟು ಮುಂದೆ? ಸಾಲಿನ ಅಗಲ 1.22 ಮೀಟರ್. ಅದನ್ನು ಪೈಯ ಎರಡರಷ್ಟರಿಂದ ಗುಣಿಸಿದರೆ 7.67 ಬರುತ್ತದೆ. ಎರಡನೆಯ ಸಾಲಿನವನಿಗೆ ಇದಕ್ಕಿಂತ ಸ್ವಲ್ಪ ಕಡಿಮೆ, ಮೂರನೆಯವನಿಂದ ಆಚೆ ಒಬ್ಬೊಬ್ಬನೂ ತನ್ನ ಒಳಗಿನವನಿಗಿಂತ ಅಷ್ಟು ಮುಂದೆ. ಟ್ರ್ಯಾಕ್ ಚಿಕ್ಕದಿರಲಿ, ದೊಡ್ಡದಿರಲಿ, ಈ ಅಂತರ ಬದಲಾಗದು. ಮಾಸ್ತರರು ಇದನ್ನು ಬೀಡಿ ಕಟ್ಟಿನ ಕಾಗದದ ಹಿಂದೆ ಬರೆದು ತೋರಿಸಿದಾಗ ನನಗೆ ಪೈ ಎಂದರೆ ಏನೆಂದು ಮೊದಲ ಸಲ ಅರ್ಥವಾಯಿತು. ಕಪ್ಪು ಹಲಗೆಯ ಮೇಲೆ ಒಂದು ವರ್ಷ ನೋಡಿದರೂ ಹಿಡಿತಕ್ಕೆ ಸಿಗದಿದ್ದ ವೃತ್ತದ ಪರಿಧಿಯ ಮೇಲೆ ಈಗ ಬರಿಗಾಲಿನಲ್ಲಿ ನಿಂತಿದ್ದೆ. ಎಸ್ಸೆಸ್ಸೆಲ್ಸಿ ನಪಾಸಾಗಿದ್ದ ಟೇಪು ಹಿಡಿಯುವ ಜವಾನನೂ ಆ ಅಂತರವನ್ನು ನೋಡಿಯೇ ಹೇಳುತ್ತಿದ್ದ.

ಎತ್ತರ ಜಿಗಿತದ ಹೊಂಡಕ್ಕೆ ಮರಳು, ಅದರ ಮೇಲೆ ಕಟ್ಟಿಗೆ ಅಡ್ಡೆಯ ಹೊಟ್ಟು. 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಡಿಕ್ ಫಾಸ್ಬರಿ ಅಡ್ಡಕೋಲಿಗೆ ಬೆನ್ನು ಕೊಟ್ಟು ಹಾರಿ ಚಿನ್ನ ಗೆದ್ದ ಮೇಲೆ ಜಗತ್ತು ಆ ಪಟ್ಟನ್ನು ಕಲಿತುಬಿಟ್ಟಿತು. ನಮ್ಮ ಶಾಲೆಗಳು ಆಮೇಲೆಯೂ ಕತ್ತರಿ ಜಿಗಿತದಲ್ಲಿಯೇ ಇದ್ದವು. ಮಾಸ್ತರರಿಗೆ ಗೊತ್ತಿರಲಿಲ್ಲವೆಂದಲ್ಲ. ಫೋಮಿನ ಹಾಸಿಗೆ ಇಲ್ಲದೆ ಬೆನ್ನ ಮೇಲೆ ಬಿದ್ದರೆ ಕುತ್ತಿಗೆ ಉಳಿಯುವುದಿಲ್ಲ. ಮರಳಿನ ಹೊಂಡಕ್ಕೆ ಒಗ್ಗುವುದು ಕಾಲೂರಿ ಇಳಿಯುವ ಜಿಗಿತವೊಂದೇ. ತಮ್ಮ ಬಳಿ ಏನಿದೆಯೋ ಅದರಲ್ಲಿ ಮಕ್ಕಳ ಮೈಗೆ ಅಪಾಯವಾಗದ ಹಾಗೆ ಕಲಿಸುವುದು ಸಣ್ಣ ವಿದ್ಯೆಯಲ್ಲ.

ಓಟ ಮುಗಿಯುವ ಕಡೆ ಇಬ್ಬರು ಹುಡುಗಿಯರು ಕೆಂಪು ಉಣ್ಣೆಯ ದಾರ ಹಿಡಿದು ನಿಲ್ಲುತ್ತಿದ್ದರು. ಸ್ಟಾಪ್‌ವಾಚ್ ಎಲ್ಲಿಯದು? ಒಬ್ಬ ಮಾಸ್ತರರ ಕಣ್ಣು ಮೊದಲನೆಯವನ ಮೇಲೆ, ಇನ್ನೊಬ್ಬರದು ಎರಡನೆಯವನ ಮೇಲೆ, ಮತ್ತೊಬ್ಬರದು ಮೂರನೆಯವನ ಮೇಲೆ. ತಮ್ಮ ಪಾಲಿನವನು ಗೆರೆ ದಾಟಿದ ಕೂಡಲೇ ನುಗ್ಗಿ ಅವನ ರಟ್ಟೆ ಹಿಡಿದುಬಿಡಬೇಕು, ಚೀಟಿಯಲ್ಲಿ ಹೆಸರು ಬರೆಯುವವರೆಗೆ ಬಿಡಬಾರದು. ಒಂದೇ ಹುಡುಗನ ಎರಡು ರಟ್ಟೆಗಳನ್ನು ಇಬ್ಬರು ಮಾಸ್ತರರು ಹಿಡಿದು ವಾದಕ್ಕೆ ನಿಲ್ಲುತ್ತಿದ್ದುದೂ ಉಂಟು. ಆಗ ಹೆಡ್‌ಮಾಸ್ತರರ ಮಾತೇ ಅಂತಿಮ. ಗೆಲ್ಲದೇ ಹೋದವರನ್ನು ಹಿಡಿಯುವವರು ಯಾರೂ ಇರಲಿಲ್ಲ; ಅವರು ಹಾಗೆಯೇ ಓಡುತ್ತ ಲಿಂಬೆಹುಳಿಯ ಬಕೆಟ್ಟಿನವರೆಗೆ ಹೋಗಿ ನಿಲ್ಲುತ್ತಿದ್ದರು.

ಲೇಜಿಮ್ಮಿನ ಬಗ್ಗೆ ನೀವು ಬರೆದದ್ದನ್ನು ಓದುವಾಗ ಆ ಸದ್ದು ಕಿವಿಗೇ ಬಂದಿತು. ಕಟ್ಟಿಗೆಯ ಹಿಡಿ, ಕಬ್ಬಿಣದ ಸರಪಳಿ, ನಡುನಡುವೆ ಪೋಣಿಸಿದ ತಗಡಿನ ಬಿಲ್ಲೆಗಳು. ಹಲಗೆ ವಾದ್ಯದ ಪೆಟ್ಟಿಗೆ ಸರಿಯಾಗಿ ನೂರಾರು ಮಕ್ಕಳು ಒಟ್ಟಿಗೆ ಬಾಗಿ ಎದ್ದರೆ ಊರಿನ ಆಚೆ ಕಡೆಗೂ ಕೇಳಿಸುತ್ತಿತ್ತು. 1956ರ ವರೆಗೆ ಈ ಭಾಗ ಮುಂಬೈ ಪ್ರಾಂತದಲ್ಲಿತ್ತು. ಲೇಜಿಮ್, ಗೆರೆಗಳ ನಡುವೆ ನುಸುಳಿ ಓಡುವ ಆಟ್ಯಾಪಾಟ್ಯಾ, ಕಬಡ್ಡಿಯಂಥ ಹುತುತು, ಮಲ್ಲಕಂಬ ಇವೆಲ್ಲ ಮರಾಠಿ ಸೀಮೆಯ ಒಡನಾಟದಿಂದ ನಮ್ಮ ಶಾಲೆಗಳಲ್ಲಿ ಬೇರೂರಿದವು. ‘ಸಾವಧಾನ್’, ‘ವಿಶ್ರಾಮ್’ ಎಂಬ ಕವಾಯತಿನ ಕೂಗಿಗೆ ಮಾತ್ರ ನಮ್ಮ ಊರಿನದೇ ಹಿನ್ನೆಲೆಯೊಂದಿದೆ, ಅದನ್ನು ಇಲ್ಲಿ ಹೇಳಲೇಬೇಕು. ಧಾರವಾಡದಲ್ಲಿ ಹುಟ್ಟಿದ ಡಾ. ನಾ.ಸು. ಹರ್ಡೀಕರರು 1923ರಲ್ಲಿ ಕಟ್ಟಿದ ಹಿಂದೂಸ್ತಾನಿ ಸೇವಾದಳಕ್ಕೆ ಹುಬ್ಬಳ್ಳಿಯೇ ಕೇಂದ್ರವಾಗಿತ್ತು. ಮರುವರ್ಷ ಗಾಂಧೀಜಿ ಅಧ್ಯಕ್ಷತೆ ವಹಿಸಿದ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಸ್ವಯಂಸೇವಕರ ಹೊಣೆ ಹೊತ್ತವರೂ ಅವರೇ. ಸ್ವಾತಂತ್ರ್ಯದ ನಂತರ ಸೇವಾದಳದ ಕವಾಯತು ಶಾಲೆಗಳಿಗೆ ಬಂದಿತು, ಇಂದಿಗೂ ಇದೆ. ನೀವು ಪತ್ರದಲ್ಲಿ ನೆನೆದ ಬಿಳಿ ಟೋಪಿಯ ಮಾಸ್ತರರು ಆ ಪರಂಪರೆಯವರೇ ಇರಬೇಕು.

ಶಾಲೆಯಲ್ಲಿ ಗೆದ್ದವರು ತಾಲ್ಲೂಕಿಗೆ, ಅಲ್ಲಿ ಗೆದ್ದವರು ಜಿಲ್ಲೆಗೆ. 1997ರಲ್ಲಿ ಗದಗ, ಹಾವೇರಿ ಬೇರೆ ಜಿಲ್ಲೆಗಳಾಗುವವರೆಗೆ ಧಾರವಾಡ ಜಿಲ್ಲೆ ಎಂದರೆ 17 ತಾಲ್ಲೂಕುಗಳು. ಮುಂಡರಗಿಯ ಹುಡುಗನೂ ಹಿರೇಕೆರೂರಿನ ಹುಡುಗನೂ ಒಂದೇ ಕ್ರೀಡಾಕೂಟಕ್ಕೆ ಬರುತ್ತಿದ್ದರು. ಜಮಖಾನೆಯಲ್ಲಿ ರೊಟ್ಟಿಯ ಗಂಟು, ಶೇಂಗಾ ಚಟ್ನಿ, ಒಂದು ಜೊತೆ ಬಟ್ಟೆ ಸುತ್ತಿಕೊಂಡು ಬಂದು, ಯಾವುದೋ ಶಾಲೆಯ ಬೆಂಚು ಸರಿಸಿ ನೆಲದ ಮೇಲೆ ಮಲಗಿ, ನಸುಕಿನಲ್ಲಿ ಮೈದಾನಕ್ಕೆ ಹೋಗುತ್ತಿದ್ದರು. ತುಂಗಭದ್ರೆಯ ದಡದವನ ಮಾತಿಗೂ ಮಲಪ್ರಭೆಯ ದಡದವನ ಮಾತಿಗೂ ಇರುವ ವ್ಯತ್ಯಾಸ ಕೇಳಿ ನಗುತ್ತಲೇ ಗೆಳೆಯರಾಗುತ್ತಿದ್ದರು. ಜಿಲ್ಲೆ ಒಡೆದದ್ದರಿಂದ ಆಡಳಿತ ಹತ್ತಿರವಾಯಿತು, ಅದು ಬೇಕಾಗಿತ್ತು. ಆದರೆ ಹಾನಗಲ್ಲಿನ ಮಕ್ಕಳು ರೋಣದ ಮಕ್ಕಳ ಜೊತೆ ಖೋ-ಖೋ ಆಡುವ ಅವಕಾಶ ವಿಭಾಗ ಮಟ್ಟದವರೆಗೆ ಮುಂದೂಡಲ್ಪಟ್ಟಿತು, ಅಲ್ಲಿಗೆ ಮುಟ್ಟುವವರು ಕೆಲವರೇ.

ಇನ್ನು ನಿಮ್ಮ ಪತ್ರದ ಒಂದು ವಾಕ್ಯಕ್ಕೆ ಬರುತ್ತೇನೆ. “ಹೆಣ್ಣುಮಕ್ಕಳಿಗೆ ಲಿಂಬೆ-ಚಮಚ, ಸೂಜಿ-ದಾರ, ಸಂಗೀತ ಕುರ್ಚಿ ಇರುತ್ತಿದ್ದವು” ಎಂದು ಬರೆದು ಮುಂದೆ ಹೋಗಿದ್ದೀರಿ. ನನಗೆ ಅಷ್ಟು ಬೇಗ ಮುಂದೆ ಹೋಗಲು ಆಗುವುದಿಲ್ಲ. ಐದನೆಯ ಇಯತ್ತೆಯವರೆಗೆ ನಮ್ಮನ್ನೆಲ್ಲ ಹಿಂದೆ ಹಾಕಿ ಓಡುತ್ತಿದ್ದ ಹುಡುಗಿಯರು ನಿಮ್ಮ ಶಾಲೆಯಲ್ಲಿಯೂ ಇದ್ದಿರಬೇಕು. ಏಳನೆಯ ಇಯತ್ತೆಗೆ ಬರುವಷ್ಟರಲ್ಲಿ ಅವರು ಉಣ್ಣೆಯ ದಾರ ಹಿಡಿಯುವವರಾಗಿದ್ದರು, ಬಹುಮಾನದ ತಟ್ಟೆ ಎತ್ತಿ ಕೊಡುವವರಾಗಿದ್ದರು. ಓಡಿದ ಒಬ್ಬಿಬ್ಬರು ಉದ್ದ ಲಂಗದ ನೆರಿಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬೇಲಿಯ ಆಚೆ ನಿಂತವರ ಮಾತು ಕೇಳಿಸಿಕೊಂಡೇ ಓಡಬೇಕಾಗಿತ್ತು. ನಮ್ಮ ಊರುಗಳನ್ನಷ್ಟೇ ದೂರುವುದು ನ್ಯಾಯವಲ್ಲ. ಒಲಿಂಪಿಕ್ಸ್‌ನಲ್ಲಿಯೇ 1928ರ ನಂತರ 1960ರ ವರೆಗೆ ಮಹಿಳೆಯರಿಗೆ 800 ಮೀಟರ್ ಓಟ ಇರಲಿಲ್ಲ. ಆದರೂ ಆ ಹುಡುಗಿಯರ ನೆನಪನ್ನು ಬಿಟ್ಟು ನಮ್ಮ ನೆನಪನ್ನು ಸಂಪೂರ್ಣ ಎನ್ನಲಾರೆವು. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಪಿ.ಟಿ. ಉಷಾ 100 ಮತ್ತು 200 ಮೀಟರಿನಲ್ಲಿ ಬೆಳ್ಳಿ ಗೆದ್ದರು. 1984ರಲ್ಲಿ ಲಾಸ್ ಏಂಜಲೀಸ್‌ನಲ್ಲಿ 400 ಮೀಟರ್ ಹರ್ಡಲ್ಸ್‌ನ ಕಂಚು ಸೆಕೆಂಡಿನ ನೂರನೆಯ ಒಂದು ಭಾಗದಲ್ಲಿ ಕೈತಪ್ಪಿತು. ಆ ವರ್ಷಗಳಲ್ಲಿ ಜೋರಾಗಿ ಓಡುವ ಹುಡುಗಿಯರಿಗೆಲ್ಲ ಶಾಲೆಯಲ್ಲಿ ಉಷಾ ಎಂದೇ ಹೆಸರು. ಮಗಳು ಓಡಲಿ ಬಿಡು ಎಂದು ತಂದೆ ಹೇಳುವುದಕ್ಕೆ ಆ ಒಂದು ಹೆಸರು ಮಾಡಿದ ಉಪಕಾರ ದೊಡ್ಡದು. ಹಳೆಯ ಕಾಲದ ಎಲ್ಲವೂ ಚೆನ್ನಾಗಿತ್ತು ಎನ್ನುವಾಗ ಇದನ್ನೂ ಲೆಕ್ಕಕ್ಕೆ ಹಿಡಿಯೋಣ.

ಹಾಗೆಯೇ ಇನ್ನೊಂದು. ಗದಗ-ಬೆಟಗೇರಿಯ ಸೆಟ್ಲಮೆಂಟ್, ಹುಬ್ಬಳ್ಳಿಯ ಸೆಟ್ಲಮೆಂಟ್ ಎರಡೂ ಹಾಕಿಗೆ ಹೆಸರಾದ ಬಡಾವಣೆಗಳು. ಬ್ರಿಟಿಷರ ಅಪರಾಧಿ ಬುಡಕಟ್ಟು ಕಾಯ್ದೆಯಡಿ ಇಡೀ ಸಮುದಾಯಗಳಿಗೆ ಹುಟ್ಟಿನಿಂದಲೇ ಕಳಂಕ ಹಚ್ಚಿ, ಇಂಥ ವಸಾಹತುಗಳಲ್ಲಿ ಕೂಡಿಹಾಕಿದ್ದರು. ಆ ಕಾಯ್ದೆ ರದ್ದಾದದ್ದು 1952ರಲ್ಲಿ. ಆ ಓಣಿಗಳ ಮಕ್ಕಳು ಕೋಲು ಹಿಡಿದು ಮೈದಾನಕ್ಕೆ ಇಳಿದಾಗ, ಹೊರಗೆ ಅವರನ್ನು ಮುಟ್ಟದವರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಬಯಲೊಂದು ಇದ್ದುದರಿಂದ ಆದ ಕೆಲಸ ಅದು.

ಈಗ ನಿಮ್ಮ ಪ್ರಶ್ನೆ. ಮಕ್ಕಳಿಗೆ ಓಡುವ ಆಸೆ ಇಲ್ಲವೇ? ದೀಪಾವಳಿಯ ನಂತರ ಹಾವೇರಿ ಕಡೆಯ ಯಾವುದಾದರೂ ಊರಿಗೆ ಹೋರಿ ಬೆದರಿಸುವ ಸ್ಪರ್ಧೆಗೆ ಹೋಗಿ ನೋಡಿ. ಕೊಬ್ಬರಿ ಸರ ಕಟ್ಟಿದ ಹೋರಿಯ ಹಿಂದೆ ಓಡುವ ಹುಡುಗರ ಜೇಬಿನಲ್ಲಿಯೂ ಮೊಬೈಲ್ ಇರುತ್ತದೆ. ಹುಬ್ಬಳ್ಳಿಯ ಯಾವ ಬಡಾವಣೆಯಲ್ಲಾದರೂ ಒಂದು ಖಾಲಿ ನಿವೇಶನ ಇದ್ದರೆ ಸಂಜೆ ಅಲ್ಲಿ ಮೂರು ಕಲ್ಲು ನಿಂತು ವಿಕೆಟ್ ಆಗಿರುತ್ತವೆ. ಮನೆ ಕಟ್ಟುವವರು ತಳಪಾಯ ತೋಡಿದ ದಿನ ಆ ಮಕ್ಕಳು ಕಲ್ಲುಗಳನ್ನು ಎತ್ತಿಕೊಂಡು ಇನ್ನೊಂದು ನಿವೇಶನ ಹುಡುಕುತ್ತಾರೆ. ಅದೂ ಮುಗಿದಾಗ ಮನೆಯೊಳಗೆ ಹೋಗುತ್ತಾರೆ, ಆಗ ನಾವು ಅವರ ಕೈಯಲ್ಲಿರುವ ಮೊಬೈಲನ್ನು ನೋಡುತ್ತೇವೆ.

ನಿಮ್ಮ ಮೊಮ್ಮಗನ ಶಾಲೆ ಕ್ರೀಡಾ ದಿನವನ್ನು ಕಲ್ಯಾಣ ಮಂಟಪದಲ್ಲಿ ಏಕೆ ಮಾಡಿತು? ಆ ಶಾಲೆಗೆ ಬಯಲಿಲ್ಲ ಎಂದು ನೀವೇ ಪತ್ರದ ಮೂರನೆಯ ಪುಟದಲ್ಲಿ ಬರೆದಿದ್ದೀರಿ. ಐವತ್ತು ಹೆಜ್ಜೆ ಓಡಲು ಜಾಗವಿಲ್ಲದ ಕಡೆ ಕೈಕಾಲು ಆಡಿಸದೆ ಮಗು ಇನ್ನೇನು ಮಾಡಬೇಕು? ಯಾರು ಮೊದಲು, ಯಾರು ಕೊನೆ ಎಂದು ಗೊತ್ತಾಗುವ ಓಟವೇ ನಡೆಯದಿದ್ದಾಗ ಎಲ್ಲರಿಗೂ ಪದಕ ಕೊಡದೆ ಇನ್ನೇನು ದಾರಿ? 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಪ್ರತಿ ಶಾಲೆಗೂ ಆಟದ ಮೈದಾನ ಇರಬೇಕು ಎನ್ನುತ್ತದೆ. ಕಾನೂನು ಅಷ್ಟು ಸ್ಪಷ್ಟವಾಗಿದ್ದರೂ ಮೈದಾನ ಎಂದು ತೋರಿಸುವ ಜಾಗ ಎಷ್ಟೋ ಕಡೆ ಸ್ಕೂಲ್ ಬಸ್ಸುಗಳನ್ನು ನಿಲ್ಲಿಸುವ ಅಂಗಳವಾಗಿರುತ್ತದೆ. ಡ್ರಿಲ್ ಮಾಸ್ತರರ ವಿಷಯದಲ್ಲಿ ಅದೇ ಅನುಸೂಚಿಯ ಕೈ ಬಿಗಿ: ಆರರಿಂದ ಎಂಟನೆಯ ತರಗತಿಯಲ್ಲಿ ಮಕ್ಕಳು ನೂರಕ್ಕಿಂತ ಹೆಚ್ಚಿದ್ದರೆ ಮಾತ್ರ, ಅದೂ ಅರೆಕಾಲಿಕ ಬೋಧಕರು ಸಾಕು ಎನ್ನುತ್ತದೆ. ಗೂಟ ನೆಟ್ಟು, ಹುರಿ ಹಿಡಿದು, ಹಿಂದಿನ ದಿನದ ಸಂಜೆಯಿಂದ ಬಯಲಿನಲ್ಲಿ ನಿಲ್ಲುವ ಕೆಲಸ ಅರೆಕಾಲದಲ್ಲಿ ಆಗುವಂಥದ್ದೇ? ಎಷ್ಟೋ ಹಳ್ಳಿ ಶಾಲೆಗಳಲ್ಲಿ ಗಣಿತದವರೋ ಕನ್ನಡದವರೋ ಸೀಟಿ ಊದುತ್ತಿದ್ದಾರೆ. ಅವರಿಗೆ ನನ್ನ ನಮಸ್ಕಾರ. ಅವರಿಂದಲೇ ಅಲ್ಲಿ ಆಟ ಇನ್ನೂ ಉಳಿದಿದೆ.

ಆ ಕಾಲದಲ್ಲಿಯೂ ಎಲ್ಲ ಆಟಕ್ಕೂ ಮನೆಯ ಹತ್ತಿರವೇ ನೆಲ ಇರಲಿಲ್ಲ. ಗದಗಿನ ಸುನಿಲ್ ಜೋಶಿ ಬಾಲ್ಯದಲ್ಲಿ ಕ್ರಿಕೆಟ್ ಅಭ್ಯಾಸಕ್ಕೆ ನಸುಕಿನಲ್ಲಿ ಹುಬ್ಬಳ್ಳಿಗೆ ಹೋಗಿ, ಶಾಲೆಯ ಗಂಟೆಗೆ ಸರಿಯಾಗಿ ಗದಗಿಗೆ ಮರಳುತ್ತಿದ್ದರು. ಅವರು 1996ರಲ್ಲಿ ಭಾರತದ ಟೆಸ್ಟ್ ತಂಡ ಸೇರಿದರು, 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ಎದುರು 10 ಓವರಿನಲ್ಲಿ 6 ರನ್ ಕೊಟ್ಟು 5 ವಿಕೆಟ್ ತೆಗೆದರು. ನಾವು ಈ ಕಥೆಯನ್ನು ಛಲದ ಕಥೆಯಾಗಿ ಹೇಳುತ್ತೇವೆ, ಹೇಳಬೇಕು. ಜೊತೆಗೆ ಅಷ್ಟು ದೂರ ಹೋಗಲು ಆಗದೆ ಊರಿನಲ್ಲಿಯೇ ಉಳಿದ ಮಕ್ಕಳೂ ನನ್ನ ಕಣ್ಣ ಮುಂದೆ ಬರುತ್ತಾರೆ.

ಆದ್ದರಿಂದ ನಿಮ್ಮ ಸಲಹೆಯಂತೆ ಹಳೆಯ ಕ್ರೀಡಾಕೂಟಗಳ ನೆನಪಿನ ಲೇಖನಮಾಲೆಯನ್ನು ಮುಂದಿನ ಸಂಚಿಕೆಯಿಂದ ಆರಂಭಿಸುತ್ತೇವೆ, ನಿಮ್ಮ ಪತ್ರವೇ ಅದರ ಮೊದಲ ಬರಹ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಯ ಎಲ್ಲ ಓದುಗರೂ ಬರೆಯಬೇಕೆಂದು ಕೇಳಿಕೊಳ್ಳುತ್ತೇನೆ. ಗೆದ್ದವರಷ್ಟೇ ಅಲ್ಲ, ನೀರು ಹೊಡೆದವರು, ದಾರ ಹಿಡಿದವರು, ಮನೆಯವರು ಬೇಡವೆಂದದ್ದಕ್ಕೆ ಓಡದೆ ಉಳಿದವರು ಬರೆದರೆ ಇನ್ನೂ ಸಂತೋಷ. ಮೂರು ವಿಷಯಗಳನ್ನು ಮಾತ್ರ ಮರೆಯದೆ ತಿಳಿಸಿ: ನಿಮ್ಮ ಡ್ರಿಲ್ ಮಾಸ್ತರರು ಅಥವಾ ಡ್ರಿಲ್ ಬಾಯಿಯವರು ಯಾರು, ಅವರಿಂದ ಏನು ಕಲಿತಿರಿ, ಆ ಬಯಲಿನಲ್ಲಿ ಈಗ ಏನಿದೆ. ಬಯಲು ಹಾಗೆಯೇ ಉಳಿದಿದ್ದರೆ ಅದನ್ನು ಯಾರು ಕಾಪಾಡಿದರು ಎಂಬುದನ್ನೂ ಬರೆಯಿರಿ. ಅಂಥ ಊರುಗಳ ಹೆಸರನ್ನು ಮುಖಪುಟದಲ್ಲಿಯೇ ಹಾಕುತ್ತೇವೆ. ಬರಹ ಹಾಳೆಯ ಒಂದೇ ಬದಿಗೆ ಇರಲಿ. ಹಳೆಯ ಫೋಟೊ ಕಳಿಸುವವರು ಹಿಂಬದಿಯಲ್ಲಿ ಪೆನ್ಸಿಲಿನಿಂದ ಊರು, ವರ್ಷ ಬರೆದಿರಿ. ಬಳಸಿಕೊಂಡ ನಂತರ ಎಲ್ಲವನ್ನೂ ಅಂಚೆಯಲ್ಲಿ ಮರಳಿಸುತ್ತೇವೆ.